ಹೈಬ್ರಿಡ್ ಕಾರಿನ ಒಡಲಿಗೆ ಅಡ್ಡಪಟ್ಟಿ: ಬ್ರೇಸ್ ಆಯ್ಕೆ, ಜೋಡಣೆ ಮತ್ತು ಪರೀಕ್ಷೆಯ ಸಮಗ್ರ ಮಾರ್ಗದರ್ಶಿ

ಸಮತಟ್ಟಾದ ನೆಲದ ಮೇಲೆ ಕಾರು ನಿಲ್ಲಿಸಿ, ಹಿಂಬಾಗಿಲನ್ನು ಒಮ್ಮೆ ಮುಚ್ಚಿ ಅದರ ಸದ್ದನ್ನು ಗಮನವಿಟ್ಟು ಕೇಳಿ. ಆಮೇಲೆ ಮುಂದಿನ ಚಕ್ರಗಳಿಗೆ ತಡೆ ಇಟ್ಟು, ಹಿಂದಿನ ಒಂದು ಮೂಲೆಯನ್ನು ಮಾತ್ರ ಚಕ್ರ ನೆಲ ಬಿಡುವಷ್ಟು ಜಾಕ್‌ನಿಂದ ಎತ್ತಿ, ಅದೇ ಬಾಗಿಲನ್ನು ಮೆಲ್ಲಗೆ ಮುಚ್ಚಿ ನೋಡಿ. ಟೊಯೋಟಾದ ಹೈಬ್ರಿಡ್ ಕಾರಾದ ನನ್ನ ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಮೊದಲ ಸಲ ಸಲೀಸಾಗಿ ಕೂತ ಬಾಗಿಲು ಎರಡನೇ ಸಲ ಕೊಕ್ಕೆಯ ಅಂಚಿಗೆ ತಾಗಿ, ಸ್ವಲ್ಪ ತಡೆದು ಕೂತಿತು. ಬಾಗಿಲ ಸುತ್ತಲಿನ ಸಂದು ಒಂದು ಮೂಲೆಯಲ್ಲಿ ಕಿರಿದಾಗಿ, ಎದುರು ಮೂಲೆಯಲ್ಲಿ ಅಗಲವಾಗಿತ್ತು. ಕಲ್ಲಿನಂತೆ ಗಟ್ಟಿ ಎಂದು ನಾವು ನಂಬುವ ಉಕ್ಕಿನ ಒಡಲು ತಿರುಚಿಕೊಂಡಿತ್ತು, ಅಷ್ಟೇ.

ರಸ್ತೆಯ ಮೇಲೆ ಇದು ಕ್ಷಣಕ್ಷಣವೂ ನಡೆಯುತ್ತಿರುತ್ತದೆ. ಅಳತೆ ತೀರಾ ಚಿಕ್ಕದು, ಸಾಮಾನ್ಯ ಓಟದಲ್ಲಿ ಮಿಲಿಮೀಟರಿನ ಒಂದು ಪಾಲು ಮಾತ್ರ. ಆದರೆ ಸ್ಟೀರಿಂಗ್ ಹಿಡಿದ ಕೈಗೆ ಅದು ತಿಳಿಯುತ್ತದೆ. ಚಕ್ರವನ್ನು ಸ್ವಲ್ಪವೇ ತಿರುಗಿಸಿದಾಗ ಕಾರು ಅರೆಕ್ಷಣ ಯೋಚಿಸಿ ಉತ್ತರ ಕೊಟ್ಟಂತೆ ಭಾಸವಾಗುವುದಕ್ಕೆ, ನೇರ ರಸ್ತೆಯಲ್ಲೂ ಸಣ್ಣಸಣ್ಣ ತಿದ್ದುಪಡಿ ಮಾಡುತ್ತಲೇ ಇರಬೇಕಾಗುವುದಕ್ಕೆ ಇದೂ ಒಂದು ಕಾರಣ. ಬ್ರೇಸ್ ಎಂಬ ಅಡ್ಡಪಟ್ಟಿಯ ಕೆಲಸ ಇಲ್ಲಿದೆ. ಕಾಲು ಸಡಿಲವಾದ ಮೇಜಿಗೆ ಬಡಗಿ ಓರೆಯಾಗಿ ಒಂದು ಪಟ್ಟಿ ಹೊಡೆಯುತ್ತಾನಲ್ಲ, ಅದೇ ತತ್ತ್ವ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಬ್ರೇಸ್ ಹಾಕಿದರೆ ಟೈರಿನ ಹಿಡಿತ ಹೆಚ್ಚುವುದಿಲ್ಲ. ತಿರುವಿನಲ್ಲಿ ಇನ್ನೂ ವೇಗವಾಗಿ ಹೋಗಬಹುದು ಎಂಬ ಲೆಕ್ಕದಲ್ಲಿ ಹಾಕಿಸುವವರು ನಿರಾಶರಾಗುತ್ತಾರೆ, ಕೆಲವೊಮ್ಮೆ ಅಪಾಯಕ್ಕೂ ಸಿಲುಕುತ್ತಾರೆ. ಸಿಗುವುದು ನಿಖರತೆ. ಹೇಳಿದ್ದನ್ನು ಕಾರು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಮಾಡುತ್ತದೆ.

ಒಡಲೂ ಒಂದು ಸ್ಪ್ರಿಂಗ್

ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಕುಗ್ಗಬೇಕು, ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಆ ಚಲನೆಯನ್ನು ತಣಿಸಬೇಕು. ಇವೆರಡನ್ನೂ ಹಿಡಿದುಕೊಂಡಿರುವ ಒಡಲು ಕದಲಬಾರದು. ಅದು ಕದಲಿದರೆ ಸಸ್ಪೆನ್ಷನ್ ಮಾಡಬೇಕಾದ ಕೆಲಸದ ಒಂದು ಪಾಲನ್ನು ಒಡಲೇ ಮಾಡಿಬಿಡುತ್ತದೆ. ತೊಂದರೆ ಏನೆಂದರೆ ಒಡಲಿಗೆ ತನ್ನದೇ ಡ್ಯಾಂಪರ್ ಇಲ್ಲ. ತಿರುಚಿಕೊಂಡ ಉಕ್ಕು ಹಾಗೆಯೇ ಚಿಮ್ಮಿ ಮರಳುತ್ತದೆ. ಆ ಚಿಮ್ಮುವಿಕೆ ಸೀಟಿನಲ್ಲಿ ನಡುಕವಾಗಿ, ಡ್ಯಾಶ್‌ಬೋರ್ಡಿನಲ್ಲಿ ಕಿರುಗುಟ್ಟುವ ಸದ್ದಾಗಿ ಕಾಣಿಸಿಕೊಳ್ಳುತ್ತದೆ.

ತಯಾರಕರಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ನಾಲ್ಕನೇ ತಲೆಮಾರಿನ ಪ್ರಿಯಸ್ 2015ರಲ್ಲಿ ಬಂದಾಗ, ಅದರ ಒಡಲಿನ ತಿರುಚು-ಬಿಗಿತ ಹಿಂದಿನದಕ್ಕಿಂತ ಶೇ. 60ರಷ್ಟು ಹೆಚ್ಚಿದೆ ಎಂದು ಟೊಯೋಟಾ ಹೇಳಿಕೊಂಡಿತು. ಹಿಂದಿನ ಚಕ್ರಗಳಿಗೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ, ತಿರುಚಿಕೊಳ್ಳಬಲ್ಲ ಅಡ್ಡತೊಲೆ) ಬಿಟ್ಟು ಡಬಲ್ ವಿಷ್‌ಬೋನ್ (ಪ್ರತಿ ಚಕ್ರಕ್ಕೂ ಮೇಲೆ, ಕೆಳಗೆ ಬೇರೆ ಬೇರೆ ತೋಳು) ಬಂದದ್ದೂ ಆಗಲೇ. ಇನ್ನೊಂದು ಹೈಬ್ರಿಡ್ ಆದ ಲೆಕ್ಸಸ್ ಸಿಟಿ 200ಎಚ್ ಬೇರೆಯೇ ದಾರಿ ಹಿಡಿಯಿತು. ಒಡಲಿನ ಎಡಬಲಗಳ ನಡುವೆ, ಗಟ್ಟಿ ಸರಳಿನ ಜಾಗದಲ್ಲಿ, ಯಮಾಹಾ ರೂಪಿಸಿದ ಡ್ಯಾಂಪರನ್ನೇ ಅಡ್ಡಲಾಗಿ ಕೂರಿಸಿದರು. ಒಡಲು ಬಾಗುವುದನ್ನು ತಡೆಯುವ ಬದಲು, ಬಾಗಿ ಮರಳುವಾಗಿನ ಕಂಪನವನ್ನು ನುಂಗುವ ಉಪಾಯ ಅದು. ಕಾರ್ಖಾನೆಯಿಂದಲೇ ಇಷ್ಟು ಕಾಳಜಿ ಪಡೆದ ಕಾರು ನಿಮ್ಮದಾಗಿದ್ದರೆ, ಮುಂದೆ ಹೇಳುವುದರಲ್ಲಿ ಹೆಚ್ಚಿನದು ನಿಮಗೆ ಬೇಕಾಗಲಿಕ್ಕಿಲ್ಲ. ಹಳೆಯ ತಲೆಮಾರಿನ ಹೈಬ್ರಿಡ್‌ಗಳಿಗೆ ಇದರ ಲಾಭ ಹೆಚ್ಚು.

ಕೆಳಗಿನಿಂದ ಶುರು ಮಾಡಿ

ಬ್ರೇಸ್ ಎಂದೊಡನೆ ಎಲ್ಲರ ಮನಸ್ಸಿಗೆ ಬರುವುದು ಬಾನೆಟ್ ತೆಗೆದರೆ ಹೊಳೆಯುವ ಸ್ಟ್ರಟ್ ಬಾರ್. ಸ್ಪ್ರಿಂಗ್, ಡ್ಯಾಂಪರ್ ಒಂದಾಗಿ ಸೇರಿದ ಸ್ಟ್ರಟ್‌ನ ಮೇಲ್ತುದಿ ಕೂರುವ ಒಡಲಿನ ಭಾಗವೇ ಸ್ಟ್ರಟ್ ಟವರ್. ಎಡಬಲದ ಆ ಎರಡು ಟವರ್‌ಗಳ ತಲೆಯನ್ನು ಜೋಡಿಸುವ ಸರಳು ಅದು. ಹೈಬ್ರಿಡ್ ಕಾರಿನಲ್ಲಿ ಅದನ್ನು ಮೊದಲು ಕೊಳ್ಳಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಾರಣವನ್ನು ಲೆಕ್ಕದಲ್ಲೇ ತೋರಿಸುತ್ತೇನೆ.

ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಮುಂದಿನ ಚಕ್ರವೊಂದನ್ನು ಊಹಿಸಿಕೊಳ್ಳಿ. ಚಕ್ರವನ್ನು ಕೆಳಗಿನ ತೋಳಿಗೆ ಜೋಡಿಸುವ ಬಾಲ್ ಜಾಯಿಂಟ್ ನೆಲದಿಂದ 20 ಸೆಂ.ಮೀ., ಮೇಲಿನ ಸ್ಟ್ರಟ್ ಮೌಂಟ್ 80 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ತಿರುವಿನಲ್ಲಿ ಟೈರು ನೆಲದಿಂದ 3,000 ನ್ಯೂಟನ್ ಅಡ್ಡಬಲ ಪಡೆದರೆ, ಸರಳ ಸನ್ನೆಯ ಲೆಕ್ಕದ ಪ್ರಕಾರ ಕೆಳಗಿನ ತೋಳಿನ ಮೇಲೆ ಬೀಳುವುದು 4,000 ನ್ಯೂಟನ್. ಮೇಲಿನ ಮೌಂಟಿಗೆ ವಿರುದ್ಧ ದಿಕ್ಕಿನಲ್ಲಿ 1,000 ನ್ಯೂಟನ್ ಮಾತ್ರ. ಅಂದರೆ ಮೇಲಿಗಿಂತ ಕೆಳಗೆ ನಾಲ್ಕು ಪಟ್ಟು. ಅದೂ ಅಲ್ಲದೆ ತಿರುವಿನಲ್ಲಿ ಎರಡೂ ಟವರ್‌ಗಳು ಒಂದೇ ಕಡೆಗೆ ನೂಕಿಸಿಕೊಳ್ಳುತ್ತವೆ. ನಡುವಿನ ಸರಳು ಹೊರುವುದು ಎರಡರ ವ್ಯತ್ಯಾಸವನ್ನು ಮಾತ್ರ. ಗುಂಡಿ ಬಿದ್ದಾಗ ಟವರ್‌ಗಳು ಒಳಕ್ಕೆ ವಾಲುವುದನ್ನು ತಡೆಯುವುದರಲ್ಲಿ ಸ್ಟ್ರಟ್ ಬಾರ್‌ಗೆ ಹೆಚ್ಚಿನ ಕೆಲಸವಿದೆ, ತಿರುವಿನಲ್ಲಿ ಅಷ್ಟಿಲ್ಲ.

ಎರಡನೆಯ ಕಾರಣ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗುವಂತೆ ಬದಲಿಸುವ ಇನ್ವರ್ಟರ್. ಅನೇಕ ಹೈಬ್ರಿಡ್‌ಗಳಲ್ಲಿ ಆ ದೊಡ್ಡ ಬೆಳ್ಳಿ ಬಣ್ಣದ ಪೆಟ್ಟಿಗೆ ಎಂಜಿನ್ ಕೋಣೆಯ ಮೇಲ್ಭಾಗದಲ್ಲಿ, ಒಂದು ಟವರ್‌ನ ಪಕ್ಕದಲ್ಲೇ ಕೂತಿರುತ್ತದೆ. ಅದನ್ನು ತಪ್ಪಿಸಿ ಹೋಗಲು ಸರಳು ಬಿಲ್ಲಿನಂತೆ ಬಾಗಬೇಕಾಗುತ್ತದೆ. ಬಾಗಿದ ಸರಳಿಗೆ ಕಸುವಿಲ್ಲ. 25 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಗೋಡೆ, 1 ಮೀಟರ್ ಉದ್ದದ ನೇರ ಉಕ್ಕಿನ ಕೊಳವೆಯನ್ನು ತುದಿಗಳಿಂದ 1,000 ನ್ಯೂಟನ್ ಬಲದಲ್ಲಿ ಒತ್ತಿದರೆ ಅದು ಕುಗ್ಗುವುದು ಸುಮಾರು 0.035 ಮಿ.ಮೀ. ಅದೇ ಕೊಳವೆ ತನ್ನ ಉದ್ದಕ್ಕೂ 50 ಮಿ.ಮೀ. ಮೇಲೆದ್ದು, ತುದಿಗಳಲ್ಲಿ ತಿರುಗುವ ಪಿನ್ ಹೊಂದಿದ್ದರೆ, ಅಷ್ಟೇ ಬಲಕ್ಕೆ 1.3 ಮಿ.ಮೀ. ಕುಗ್ಗುತ್ತದೆ. ಮೂವತ್ತೇಳು ಪಟ್ಟು ಮೆತ್ತಗೆ! ಅಲ್ಯೂಮಿನಿಯಮ್ ಆದರಂತೂ ಉಕ್ಕಿನ ಮೂರನೇ ಒಂದು ಪಾಲಿನ ಬಿಗಿತ ಮಾತ್ರ. ಹೊಳಪು ನೋಡಿ ಕೊಳ್ಳುವ ಮುಂಚೆ ಈ ಅಂಕಿಗಳನ್ನು ನೆನಪಿಡಿ.

ಇನ್ನು ಕೆಳಗೆ ನೋಡಿ. ಕಾರಿನ ನೆಲದ ನಡುವೆ ಎಕ್ಸಾಸ್ಟ್ ಕೊಳವೆ ಹೋಗಲು ಒಂದು ಸುರಂಗವಿದೆ. ಅದರ ಕೆಳಬದಿ ತೆರೆದಿದೆ. ರಟ್ಟಿನ ಕೊಳವೆಯೊಂದನ್ನು ಉದ್ದಕ್ಕೆ ಸೀಳಿ ಎರಡೂ ತುದಿ ಹಿಡಿದು ತಿರುಚಿ. ಸಲೀಸಾಗಿ ತಿರುಚಿಕೊಳ್ಳುತ್ತದೆ. ಸೀಳಿಗೆ ಅಂಟುಪಟ್ಟಿ ಹಚ್ಚಿ ಮತ್ತೆ ತಿರುಚಿ. ಅದೇ ರಟ್ಟು, ಆದರೆ ಈಗ ಸುಲಭಕ್ಕೆ ತಿರುಚಿಕೊಳ್ಳುವುದಿಲ್ಲ. ಸುರಂಗದ ಬಾಯಿಗೆ ಅಡ್ಡಲಾಗಿ ಬೋಲ್ಟ್ ಮಾಡುವ ಪ್ಲೇಟ್ ಆ ಅಂಟುಪಟ್ಟಿಯ ಕೆಲಸ ಮಾಡುತ್ತದೆ. 2003ರಿಂದ 2009ರವರೆಗೆ ಬಂದ ಎರಡನೇ ತಲೆಮಾರಿನ ಪ್ರಿಯಸ್‌ಗೆ ಇಂಥ ಪ್ಲೇಟುಗಳು ಸಿಗುತ್ತವೆ. ನನ್ನ ಕಾರಿನಲ್ಲಿ ನೇರ ರಸ್ತೆಯ ಓಲಾಟ ಕಡಿಮೆಯಾದದ್ದು ಮುಖ್ಯವಾಗಿ ಅದರಿಂದಲೇ.

ಹಿಂಭಾಗದ ವಿಷಯದಲ್ಲಿ ಒಂದು ಗೊಂದಲ ಬಿಡಿಸಬೇಕು. ಟಾರ್ಷನ್ ಬೀಮ್‌ಗೆ ಬೋಲ್ಟ್ ಮಾಡುವ ಸರಳನ್ನೂ ಕೆಲವರು ಬ್ರೇಸ್ ಎಂದೇ ಮಾರುತ್ತಾರೆ. ಅದು ಒಡಲನ್ನು ಬಿಗಿಗೊಳಿಸುವುದಿಲ್ಲ. ಬೀಮ್ ತಿರುಚಿಕೊಳ್ಳುವುದನ್ನು ತಡೆದು, ಆಂಟಿ-ರೋಲ್ ಬಾರ್‌ನಂತೆ ಹಿಂಭಾಗದ ವಾಲುವಿಕೆಯನ್ನು ಕುಗ್ಗಿಸುತ್ತದೆ. ಕಾರಿನ ಸಮತೋಲ ಇದರಿಂದ ನಿಜಕ್ಕೂ ಬದಲಾಗುತ್ತದೆ. ಮೂಗು ಚುರುಕಾಗುತ್ತದೆ, ಹಿಂಭಾಗ ಜಾರುವ ಸಾಧ್ಯತೆಯೂ ಹೆಚ್ಚುತ್ತದೆ. ಒದ್ದೆ ರಸ್ತೆಯಲ್ಲಿ ಓಡುವ, ಇಂಧನ ಉಳಿಸಲೆಂದು ಕಡಿಮೆ ಉರುಳು-ಪ್ರತಿರೋಧದ ಟೈರ್ ಹಾಕಿರುವ ಕುಟುಂಬದ ಕಾರಿಗೆ ತೀರಾ ದಪ್ಪ ಸರಳು ಬೇಡ. ಡಿಕ್ಕಿಯೊಳಗೆ ಎರಡು ಬದಿಗಳನ್ನು ಜೋಡಿಸುವ ಸರಳು ನಿಜವಾದ ಬ್ರೇಸ್ ಹೌದು. ಆದರೆ ಅದು ಹೈಬ್ರಿಡ್ ಬ್ಯಾಟರಿಯ ತಂಪುಗಾಳಿಯ ದಾರಿಗೆ ಅಡ್ಡ ಬರಬಾರದು. ಆ ಗಾಳಿಯ ಕಿಂಡಿ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕದಲ್ಲೇ ಇರುತ್ತದೆ.

ಹೀಗಾಗಿ ನಾನು ಹೇಳುವ ಕ್ರಮ ಇದು: ಮೊದಲು ಸುರಂಗದ ಪ್ಲೇಟ್, ಆಮೇಲೆ ಮುಂದಿನ ಕೆಳಬ್ರೇಸ್ (ಮುಂದಿನ ಕೆಳತೋಳುಗಳು ಕೂರುವ ಎಡಬಲದ ಜಾಗಗಳನ್ನು ಜೋಡಿಸುವ ಪಟ್ಟಿ), ನಂತರ ಹಿಂಭಾಗ, ಕೊನೆಗೆ ಬೇಕೆನಿಸಿದರೆ ಸ್ಟ್ರಟ್ ಬಾರ್. ಒಮ್ಮೆಗೆ ಒಂದೇ. ನಾಲ್ಕನ್ನೂ ಒಂದೇ ದಿನ ಹಾಕಿದರೆ ಯಾವುದು ಕೆಲಸ ಮಾಡಿತು, ಯಾವುದು ಸುಮ್ಮನೆ ಭಾರ ಎಂಬುದು ಎಂದಿಗೂ ತಿಳಿಯುವುದಿಲ್ಲ.

ಹಂತ 1: ಕೊಳ್ಳುವ ಮೊದಲು ಕಾರನ್ನು ನೋಡಿ

ಬುಷ್ (ಕೀಲುಗಳಲ್ಲಿನ ರಬ್ಬರ್ ಬಳೆ) ಹರಿದಿರುವ, ಡ್ಯಾಂಪರ್‌ನಿಂದ ಎಣ್ಣೆ ಸೋರುತ್ತಿರುವ ಕಾರಿಗೆ ಬ್ರೇಸ್ ಹಾಕುವುದು ಹಣ ಪೋಲು ಮಾಡಿದಂತೆ. ಕೆಳತೋಳಿನ ಬುಷ್‌ಗಳಲ್ಲಿ ಬಿರುಕು, ಬಾಲ್ ಜಾಯಿಂಟ್‌ನಲ್ಲಿ ಸಡಿಲ, ಸ್ಟ್ರಟ್ ಮೌಂಟಿನಲ್ಲಿ ಕಟಕಟ ಸದ್ದು ಇವೆಯೇ ಎಂದು ಮೊದಲು ಪರೀಕ್ಷಿಸಿ. ಟೈರಿನ ಗಾಳಿಯನ್ನು ಕಾರು ತಣ್ಣಗಿರುವಾಗ ನೋಡಿ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟಕ್ಕೆ ತನ್ನಿ. ಮೈಲೇಜಿಗೆಂದು ಅದಕ್ಕಿಂತ ತೀರಾ ಹೆಚ್ಚು ಗಾಳಿ ತುಂಬಿಸಿಕೊಂಡು, ಕಾರು ಕುಣಿಯುತ್ತದೆ ಎಂದು ಒಡಲನ್ನು ದೂರುವವರನ್ನು ನೋಡಿದ್ದೇನೆ. ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಮಾಡಿಸಿ ಅದರ ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಹೋಲಿಸಲು ಅದು ಬೇಕು.

ನಂತರ ಕೆಳಗೆ ತುಕ್ಕು ನೋಡಿ. ಬ್ರೇಸ್ ಕೂರುವ ಜಾಗದ ತಗಡು ತುಕ್ಕು ಹಿಡಿದು ಪದರ ಏಳುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಮೊದಲು ಅದಕ್ಕೆ ಚಿಕಿತ್ಸೆಯಾಗಲಿ.

ಕೊಳ್ಳುವಾಗ ನಿಮ್ಮ ಮಾದರಿಯ ಹೈಬ್ರಿಡ್ ಆವೃತ್ತಿಗೇ ಮಾಡಿದ ಬ್ರೇಸ್ ಆಗಿರಲಿ. ಅದೇ ಹೆಸರಿನ ಪೆಟ್ರೋಲ್ ಕಾರಿನ ಬ್ರೇಸ್ ಬೋಲ್ಟ್ ತೂತುಗಳಿಗೆ ಸರಿಯಾಗಿ ಕೂತರೂ, ಹೈಬ್ರಿಡ್‌ನಲ್ಲಿ ಮಾತ್ರ ಇರುವ ಕೇಬಲ್ ಅಥವಾ ಕೊಳವೆಗೆ ತಾಗಬಹುದು. ಕಾರ್ಖಾನೆ ಕೊಟ್ಟ ತೂತುಗಳಿಗೇ ಕೂರುವಂಥದ್ದನ್ನು ಆರಿಸಿ. ಹೊಸ ತೂತು ಕೊರೆಯಲು, ಬೆಸುಗೆ ಹಾಕಲು ಹೇಳುವ ಕಿಟ್ ಯಾವುದೇ ಆಗಲಿ, ಬೇಡ. ಇಂದಿನ ಒಡಲುಗಳಲ್ಲಿ ಅಪಘಾತದ ಹೊಡೆತ ತಾಳಲೆಂದೇ ಇಟ್ಟ ಅತಿಗಟ್ಟಿ ಉಕ್ಕಿನ ಭಾಗಗಳಿವೆ. ಕೊರೆದರೆ, ಕಾಯಿಸಿದರೆ ಅವುಗಳ ಗುಣ ಕೆಡುತ್ತದೆ. ಮಾರ್ಪಾಡಿನ ಬಗ್ಗೆ ನಿಮ್ಮಲ್ಲಿನ ವಾಹನ ನಿಯಮ, ವಿಮೆ, ವಾರಂಟಿಯ ಷರತ್ತುಗಳನ್ನೂ ಓದಿಕೊಳ್ಳಿ.

ಹಂತ 2: ಕಿತ್ತಳೆ ಬಣ್ಣಕ್ಕೆ ಮರ್ಯಾದೆ

ಹೈಬ್ರಿಡ್‌ನ ಕೆಳಗೆ ಮಲಗುವ ಮೊದಲು ಎರಡು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು.

ಒಂದು, ಎಂಜಿನ್ ಸದ್ದಿಲ್ಲ ಎಂದರೆ ಕಾರು ಆಫ್ ಆಗಿದೆ ಎಂದಲ್ಲ. ‘ರೆಡಿ’ ದೀಪ ಉರಿಯುತ್ತಿದ್ದರೆ ಎಂಜಿನ್ ಯಾವ ಗಳಿಗೆಯಲ್ಲಾದರೂ ತಾನಾಗಿಯೇ ಚಾಲೂ ಆಗಬಹುದು. ಕಾರನ್ನು ಪೂರ್ತಿ ಆಫ್ ಮಾಡಿ, ದೀಪ ಆರಿದ್ದನ್ನು ಕಣ್ಣಾರೆ ನೋಡಿ, ಕೀಲಿಯನ್ನು ಕಾರಿನಿಂದ ದೂರ ಇನ್ನೊಂದು ಕೋಣೆಯಲ್ಲಿಡಿ. ಜೇಬಿನಲ್ಲಿ ಸ್ಮಾರ್ಟ್ ಕೀ ಇಟ್ಟುಕೊಂಡು ಕೆಳಗೆ ಮಲಗಬೇಡಿ. 12 ವೋಲ್ಟ್ ಬ್ಯಾಟರಿಯ ಋಣ ತುದಿಯನ್ನು ಕಳಚುವುದು ಇನ್ನೂ ಒಳ್ಳೆಯದು. ಅದಕ್ಕೆ ಮೊದಲು ಒಂದು ಎಚ್ಚರ: ಎರಡನೇ ತಲೆಮಾರಿನ ಪ್ರಿಯಸ್‌ನಂಥ ಕಾರಿನಲ್ಲಿ ಆ ಬ್ಯಾಟರಿ ಡಿಕ್ಕಿಯಲ್ಲಿದೆ, ಡಿಕ್ಕಿಯ ಬೀಗ ವಿದ್ಯುತ್ತಿನದು. ತುದಿ ಕಳಚಿದ ಮೇಲೆ ಹಿಂಬಾಗಿಲನ್ನು ಮುಚ್ಚಿದಿರೋ, ಗುಂಡಿ ಒತ್ತಿದರೆ ಅದು ತೆರೆಯುವುದಿಲ್ಲ. ಬಾಗಿಲನ್ನು ತೆರೆದೇ ಇಡಿ.

ಎರಡು, ಕಿತ್ತಳೆ ಬಣ್ಣದ ಕೇಬಲ್. ಹೆಚ್ಚಿನ ವೋಲ್ಟೇಜಿನ ಕೇಬಲ್‌ಗಳಿಗೆ ಈ ಬಣ್ಣ ಕೊಡುವುದು ಅಂತರರಾಷ್ಟ್ರೀಯ ನಿಯಮ. ಎರಡನೇ ತಲೆಮಾರಿನ ಪ್ರಿಯಸ್‌ನ ಬ್ಯಾಟರಿಯದು 201.6 ವೋಲ್ಟ್. ಜೀವ ತೆಗೆಯಲು ಅದು ಧಾರಾಳವಾಗಿ ಸಾಕು. ಆ ಕೇಬಲ್ ಹಿಂದಿನ ಬ್ಯಾಟರಿಯಿಂದ ಮುಂದಿನ ಇನ್ವರ್ಟರ್‌ವರೆಗೆ ನೆಲದ ತಳದಲ್ಲೇ ಹಾದುಹೋಗುತ್ತದೆ. ಪ್ಲೇಟ್ ಕೂರುವುದೂ ಅದೇ ನೆರೆಯಲ್ಲಿ. ಮೇಲೆ ಕಾಪು ಹೊದಿಕೆ ಇದ್ದರೆ ಬಣ್ಣ ಕಾಣದೆಯೂ ಇರಬಹುದು, ಆದ್ದರಿಂದ ಸರ್ವಿಸ್ ಪುಸ್ತಕದಲ್ಲಿ ಅದರ ದಾರಿಯನ್ನು ಮೊದಲೇ ಗುರುತಿಸಿಕೊಳ್ಳಿ. ಬ್ರೇಸ್ ಕೆಲಸಕ್ಕೆ ಆ ಕೇಬಲ್, ಅದರ ಹಿಡಿಕೆ, ಅದರ ಹೊದಿಕೆ ಯಾವುದನ್ನೂ ಬಿಚ್ಚಬೇಕಾಗಿಲ್ಲ. ಬಿಚ್ಚಲೇಬೇಕು ಎಂದಾದರೆ ನೀವು ತಂದದ್ದು ತಪ್ಪು ಬ್ರೇಸ್. ಕೂರಿಸಿದ ಮೇಲೆ ಕೇಬಲ್‌ಗೂ ಬ್ರೇಸ್‌ಗೂ ನಡುವೆ ಕನಿಷ್ಠ ಎರಡು ಬೆರಳಿನ ಅಂತರ ಇರಲೇಬೇಕು ಎಂಬುದು ನಾನು ಪಾಲಿಸುವ ನಿಯಮ.

ಹಂತ 3: ಸಾಮಾನು

ಬೋಲ್ಟ್ ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಉಳಿದಂತೆ ಸಾಕೆಟ್ ಸೆಟ್, ಒಂದು ಜೋಡಿ ರ‍್ಯಾಂಪ್ ಅಥವಾ ನಾಲ್ಕು ಜಾಕ್ ಸ್ಟ್ಯಾಂಡ್, ಚಕ್ರದ ತಡೆಗಳು, ತಂತಿ ಬ್ರಷ್, ತುಕ್ಕು ಬಿಡಿಸುವ ಎಣ್ಣೆ, ಸತುವಿನ ಪೇಂಟ್, ಬಿಳಿ ಪೇಂಟ್ ಪೆನ್, ಕಣ್ಣಿಗೆ ಕನ್ನಡಕ, ಮಕ್ಕಳು ಆಡುವ ಜೇಡಿಮಣ್ಣಿನ ಒಂದು ಉಂಡೆ. ಕೊನೆಯದರ ಉಪಯೋಗ ಮುಂದೆ ತಿಳಿಯುತ್ತದೆ.

ರ‍್ಯಾಂಪ್ ಸಿಗುವುದಾದರೆ ಅದೇ ಉತ್ತಮ. ಚಕ್ರಗಳ ಮೇಲೆ ಭಾರ ಇರುವಾಗ ಒಡಲು ರಸ್ತೆಯಲ್ಲಿರುವ ಆಕಾರದಲ್ಲೇ ಇರುತ್ತದೆ. ಜಾಕ್‌ನಿಂದ ನೇತಾಡುವ ಕಾರು ಬೇರೆ ಆಕಾರ ತಳೆದಿರುತ್ತದೆ, ಆ ಆಕಾರದಲ್ಲೇ ಬ್ರೇಸ್ ಬಿಗಿದರೆ ತಪ್ಪನ್ನೇ ಬಿಗಿದಂತಾಯಿತು. ಸ್ಟ್ಯಾಂಡ್ ಮೇಲೆಯೇ ಮಾಡಬೇಕಾದರೆ ಬೋಲ್ಟ್‌ಗಳನ್ನು ಕೈಯಿಂದ ತಿರುಗಿಸಿ ಬಿಟ್ಟು, ಕಾರನ್ನು ಚಕ್ರದ ಮೇಲೆ ನಿಲ್ಲಿಸಿದ ಮೇಲೆ ಕೊನೆಯ ಬಿಗಿ ಕೊಡಿ. ಬರಿಯ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಹಾಕಿದ ಬ್ರೇಸನ್ನೇ ಜಾಕ್ ಕೊಡುವ ಜಾಗ ಮಾಡಿಕೊಳ್ಳಲೂ ಬೇಡಿ.

ಹಂತ 4: ಸುರಂಗದ ಪ್ಲೇಟ್

ಎಕ್ಸಾಸ್ಟ್ ಪೂರ್ತಿ ತಣ್ಣಗಾಗಲಿ. ಕೆಳಗಿನ ಪ್ಲಾಸ್ಟಿಕ್ ಹೊದಿಕೆಗಳ ಕ್ಲಿಪ್‌ಗಳನ್ನು ಬಿಚ್ಚಿ, ಯಾವುದು ಎಲ್ಲಿಯದು ಎಂದು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಿ. ಈ ಹೊದಿಕೆಗಳು ಗಾಳಿಯನ್ನು ಸೀಳಿ ಇಂಧನ ಉಳಿಸಲೆಂದೇ ಇರುವಂಥವು. ಕೆಲಸ ಮುಗಿದ ಮೇಲೆ ಒಂದನ್ನೂ ಬಿಡದೆ ಮರಳಿ ಹಾಕಬೇಕು. ಬ್ರೇಸ್‌ನ ಕೆಲವು ಕಿಲೋ ಭಾರದಿಂದ ಮೈಲೇಜಿಗೆ ಹೇಳುವಂಥ ನಷ್ಟವಿಲ್ಲ. ಹೊದಿಕೆ ಬಿಟ್ಟುಬಿಟ್ಟರೆ ನಷ್ಟವಿದೆ.

ಬೋಲ್ಟ್ ಬರುವ ತೂತುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಕೆಸರು ತೆಗೆಯಿರಿ. ಈಗ ಪ್ಲೇಟ್ ಎತ್ತಿ ಹಿಡಿದು ಎಲ್ಲ ತೂತುಗಳೂ ಒಂದಕ್ಕೊಂದು ಎದುರಾಗುತ್ತವೆಯೇ ನೋಡಿ. ಒಂದೆರಡು ಮಿಲಿಮೀಟರ್ ಸರಿಸಿದರೆ ಕೂರಬೇಕು. ಬಡಿದು, ಎಳೆದು ಕೂರಿಸಬೇಕಾದರೆ ಪ್ಲೇಟಿನ ಅಳತೆ ತಪ್ಪಿದೆ, ಇಲ್ಲವೇ ಕಾರಿಗೆ ಹಳೆಯ ಅಪಘಾತದ ಪೆಟ್ಟಿದೆ. ಎರಡನ್ನೂ ಬೋಲ್ಟ್‌ನ ಬಲದಿಂದ ಸರಿಪಡಿಸಲಾಗದು.

ಮೊದಲ ಐದಾರು ಸುತ್ತನ್ನು ಬೆರಳಿನಿಂದಲೇ ಹಾಕಿ. ಸ್ಪ್ಯಾನರ್ ಮುಟ್ಟಬೇಡಿ. ಅವಸರದಲ್ಲಿ ನಾನೊಮ್ಮೆ ರ‍್ಯಾಚೆಟ್ ಹಿಡಿದು ಬೋಲ್ಟನ್ನು ಓರೆಯಾಗಿ ಏರಿಸಿ, ಒಡಲಿನೊಳಗಿನ ನಟ್‌ನ ಥ್ರೆಡ್ ಕೆಡಿಸಿದ್ದೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಹಿಡಿಯಿತು. ಬೆರಳಿಗೆ ಓರೆ ತಿಳಿಯುತ್ತದೆ, ರ‍್ಯಾಚೆಟ್‌ಗೆ ತಿಳಿಯುವುದಿಲ್ಲ.

ಬೋಲ್ಟ್‌ನ ಉದ್ದವನ್ನೂ ನೋಡಿ. ಪ್ಲೇಟಿನ ದಪ್ಪ ಥ್ರೆಡ್‌ನ ಒಂದು ಪಾಲನ್ನು ತಿಂದುಬಿಡುತ್ತದೆ. ಉಕ್ಕಿನೊಳಗೆ ಕನಿಷ್ಠ ಬೋಲ್ಟ್‌ನ ವ್ಯಾಸದಷ್ಟು ಉದ್ದ ಥ್ರೆಡ್ ಹಿಡಿಯಬೇಕು: 8 ಮಿ.ಮೀ. ಬೋಲ್ಟ್ ಆದರೆ 8 ಮಿ.ಮೀ. ಸಾಲದಿದ್ದರೆ ಉದ್ದದ ಬೋಲ್ಟ್ ತನ್ನಿ, ತಲೆಯ ಮೇಲೆ ಅದೇ ದರ್ಜೆಯ ಅಂಕಿ ಇರಲಿ. ಅಲ್ಯೂಮಿನಿಯಮ್ ಪ್ಲೇಟ್ ಉಕ್ಕಿಗೆ ನೇರ ತಾಗಿ, ನೀರು ಉಪ್ಪು ಸೇರಿದರೆ ಎರಡರ ನಡುವೆ ಸವೆತ ಶುರುವಾಗುತ್ತದೆ. ಪೇಂಟ್ ಕಿತ್ತುಹೋದ ಕಡೆ ಸತುವಿನ ಪೇಂಟ್ ಹಚ್ಚಿ ಒಣಗಿದ ಮೇಲೆಯೇ ಕೂರಿಸಿ.

ಬಿಗಿಯುವಾಗ ಕರ್ಣದ ಕ್ರಮ ಅನುಸರಿಸಿ. ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಹಿಂದಿನ ಎಡ. ಮೊದಲು ಅರ್ಧ ಬಿಗಿ, ಎರಡನೇ ಸುತ್ತಿನಲ್ಲಿ ಪೂರ್ತಿ. ಬ್ರೇಸ್‌ನ ಜೊತೆ ಬಂದ ಅಥವಾ ಸರ್ವಿಸ್ ಪುಸ್ತಕದಲ್ಲಿ ಕೊಟ್ಟ ಟಾರ್ಕ್ ಅಂಕಿಯೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8 ದರ್ಜೆಯ, ಎಣ್ಣೆ ಹಚ್ಚದ 8 ಮಿ.ಮೀ. ಬೋಲ್ಟ್‌ಗೆ ಸುಮಾರು 25 ನ್ಯೂಟನ್ ಮೀಟರ್, 10ಕ್ಕೆ 50, 12ಕ್ಕೆ 85. ಥ್ರೆಡ್‌ಗೆ ಎಣ್ಣೆ ಹಚ್ಚಿದರೆ ಅದೇ ಟಾರ್ಕ್‌ನಲ್ಲಿ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ ಎಂಬುದನ್ನು ಮರೆಯದಿರಿ. ಬಿಗಿದ ಮೇಲೆ ಬೋಲ್ಟ್‌ನ ತಲೆಯಿಂದ ಪ್ಲೇಟಿನವರೆಗೆ ಬಿಳಿ ಪೇಂಟ್ ಪೆನ್‌ನಿಂದ ಒಂದು ಗೆರೆ ಎಳೆಯಿರಿ. ಮುಂದೊಂದು ದಿನ ಬೋಲ್ಟ್ ಸಡಿಲವಾದರೆ ಗೆರೆ ಮುರಿದು ತೋರಿಸುತ್ತದೆ.

ಎದ್ದು ಬರುವ ಮೊದಲು ಎಕ್ಸಾಸ್ಟ್ ಕೊಳವೆಯನ್ನು ಕೈಯಿಂದ ಅಲುಗಾಡಿಸಿ. ರಬ್ಬರ್ ನೇತುಹಿಡಿಗಳ ಮೇಲೆ ಅದು ಎಷ್ಟು ಓಲಾಡಿದರೂ ಪ್ಲೇಟಿಗೆ ತಾಗಬಾರದು.

ಹಂತ 5: ಮುಂದಿನ ಕೆಳಬ್ರೇಸ್

ಇಲ್ಲಿ ಕೆಲಸದ ರೀತಿ ಅದೇ, ಅಪಾಯ ಮಾತ್ರ ಬೇರೆ. ಅನೇಕ ಕೆಳಬ್ರೇಸ್‌ಗಳು ಸಬ್‌ಫ್ರೇಮ್ (ಕೆಳತೋಳುಗಳನ್ನು ಹೊತ್ತು ಒಡಲಿಗೆ ಬೋಲ್ಟ್ ಆಗಿರುವ ಚೌಕಟ್ಟು) ಅಥವಾ ಕೆಳತೋಳಿನ ಬೋಲ್ಟನ್ನೇ ಹಂಚಿಕೊಳ್ಳುತ್ತವೆ. ಬಿಚ್ಚುವ ಮೊದಲು ಸಬ್‌ಫ್ರೇಮ್‌ನ ಅಂಚನ್ನು ಒಡಲಿನ ಮೇಲೆ ಪೇಂಟ್ ಪೆನ್‌ನಿಂದ ಗುರುತು ಮಾಡಿ. ಒಮ್ಮೆಗೆ ಒಂದೇ ಬೋಲ್ಟ್ ತೆಗೆಯಿರಿ, ಬ್ರೇಸ್‌ನೊಡನೆ ಅದನ್ನು ಹಾಕಿದ ಮೇಲೆ ಮುಂದಿನದಕ್ಕೆ ಹೋಗಿ. ಸಬ್‌ಫ್ರೇಮ್ 2 ಮಿ.ಮೀ. ಸರಿದರೂ ಸ್ಟೀರಿಂಗ್ ನೇರ ನಿಲ್ಲದೇ ಹೋಗಬಹುದು. ಕೆಳತೋಳಿನ ರಬ್ಬರ್ ಬುಷ್ ಹಾದುಹೋಗುವ ಬೋಲ್ಟ್ ಆದರೆ, ಕೊನೆಯ ಬಿಗಿ ಕಾರು ತನ್ನ ಚಕ್ರದ ಮೇಲೆ ನಿಂತಾಗಲೇ ಆಗಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಸೆರೆಯಾಗಿ ಬೇಗ ಹರಿಯುತ್ತದೆ.

ಕಾರ್ಖಾನೆಯ ಸಬ್‌ಫ್ರೇಮ್ ನಾಲ್ಕೂ ಬದಿ ಮುಚ್ಚಿದ ಚೌಕಟ್ಟಾಗಿದ್ದರೆ ಕೆಳಬ್ರೇಸ್‌ನಿಂದ ಹೆಚ್ಚೇನೂ ಸಿಗುವುದಿಲ್ಲ. ಒಂದು ಬದಿ ತೆರೆದ ಚೌಕಟ್ಟಾದರೆ ಮಾತ್ರ ಅದಕ್ಕೆ ಅರ್ಥವಿದೆ. ನೆಲದಿಂದ ಉಳಿಯುವ ಎತ್ತರವನ್ನೂ ಅಳೆಯಿರಿ. ರಸ್ತೆಯುಬ್ಬಿಗೆ ತಾಗುವ ಬ್ರೇಸ್ ಒಡಲನ್ನು ಕಾಯುವ ಬದಲು ಅದನ್ನು ಬಗ್ಗಿಸುವ ಸನ್ನೆಯಾಗುತ್ತದೆ.

ಹಂತ 6: ಸ್ಟ್ರಟ್ ಬಾರ್, ಬೇಕೇಬೇಕೆನಿಸಿದರೆ

ನಡುವಿನ ದೊಡ್ಡ ನಟ್ ಮುಟ್ಟಬೇಡಿ! ಸ್ಟ್ರಟ್ ಮೌಂಟಿನ ನಟ್ಟನಡುವೆ ಇರುವ ಆ ನಟ್ ಕುಗ್ಗಿಸಿದ ಸ್ಪ್ರಿಂಗನ್ನು ಹಿಡಿದಿಟ್ಟಿದೆ. ಅದು ಬಿಚ್ಚಿಕೊಂಡರೆ ಪ್ರಾಣಕ್ಕೇ ಕುತ್ತು. ನಿಮಗೆ ಬೇಕಾದದ್ದು ಸುತ್ತಲಿನ ಚಿಕ್ಕ ನಟ್‌ಗಳು ಮಾತ್ರ. ಕಾರು ನೆಲದ ಮೇಲೆ ನಿಂತಿರಬೇಕು, ಒಮ್ಮೆಗೆ ಒಂದೇ ಬದಿಯವನ್ನು ಬಿಚ್ಚಬೇಕು.

ಹಲವು ಹೈಬ್ರಿಡ್‌ಗಳಲ್ಲಿ ಟವರ್‌ನ ತಲೆ ವೈಪರ್ ಕೆಳಗಿನ ಹೊದಿಕೆಯ ಅಡಿಯಲ್ಲಿ ಅಡಗಿರುತ್ತದೆ. ವೈಪರ್ ತೋಳು ಕೀಳುವ ಮೊದಲು ಗಾಜಿನ ಮೇಲೆ ಅದು ನಿಂತ ಜಾಗಕ್ಕೆ ಅಂಟುಪಟ್ಟಿಯ ಗುರುತು ಹಾಕಿಕೊಳ್ಳಿ. ಬಾರ್‌ನ ಕಾಲುಪಟ್ಟಿ ಕೂರಿಸಿ ನಟ್ ಹಾಕಿದ ಮೇಲೆ, ನಟ್‌ನ ಹೊರಗೆ ಕನಿಷ್ಠ ಎರಡು ಸುತ್ತು ಥ್ರೆಡ್ ಕಾಣಬೇಕು. ಕಾಣದಿದ್ದರೆ ಪಟ್ಟಿ ಅತಿ ದಪ್ಪ, ಆ ಬಾರ್ ನಿಮ್ಮ ಕಾರಿನದಲ್ಲ. ಉದ್ದ ಹೊಂದಿಸುವ ತಿರುಪು ಇದ್ದರೆ ಬಾರ್ ಟವರ್‌ಗಳನ್ನು ನೂಕದೆ, ಎಳೆಯದೆ ಕೂರುವವರೆಗೆ ತಿರುಗಿಸಿ ಅಲ್ಲೇ ಲಾಕ್ ಮಾಡಿ. ಟವರ್‌ಗಳನ್ನು ನೂಕುವಷ್ಟು ತಿರುಗಿಸಿದರೆ ಬಿಗಿತ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಡಲಿಗೆ ಸದಾ ಒತ್ತಡ ಕೊಟ್ಟಂತಾಗುತ್ತದೆ, ಅಷ್ಟೇ.

ಈಗ ಜೇಡಿಮಣ್ಣು. ಬಾರ್‌ನ ಅತಿ ಎತ್ತರದ ಜಾಗದಲ್ಲಿ, ಇನ್ವರ್ಟರ್ ಮುಚ್ಚಳದ ಮೇಲೆ ಬಾರ್ ಹಾದುಹೋಗುವ ಕಡೆ ಸಣ್ಣ ಉಂಡೆಗಳನ್ನು ಅಂಟಿಸಿ. ಬಾನೆಟ್ಟನ್ನು ನಿಧಾನವಾಗಿ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಮಣ್ಣಿನ ದಪ್ಪವೇ ಉಳಿದ ಸಂದು. 10 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಆ ಬಾರ್ ಇಟ್ಟುಕೊಳ್ಳುವುದಿಲ್ಲ. ಎಂಜಿನ್ ಚಾಲೂ ಆಗುವಾಗ, ಆಫ್ ಆಗುವಾಗ ತನ್ನ ಮೌಂಟ್‌ಗಳ ಮೇಲೆ ಓಲಾಡುತ್ತದೆ, ಹೈಬ್ರಿಡ್‌ನಲ್ಲಿ ಅದು ಒಂದೇ ಪ್ರಯಾಣದಲ್ಲಿ ಎಷ್ಟೋ ಬಾರಿ ನಡೆಯುತ್ತದೆ.

ಹಂತ 7: ಅಲೈನ್‌ಮೆಂಟ್, ಆಮೇಲೆ ಪರೀಕ್ಷೆ

12 ವೋಲ್ಟ್ ಬ್ಯಾಟರಿ ಮರುಜೋಡಿಸಿದ ಮೇಲೆ ಕಿಟಕಿಯ ತಾನಾಗಿ ಏರುವ ಸೌಲಭ್ಯದಂಥವನ್ನು ಮತ್ತೆ ಹೊಂದಿಸಬೇಕಾಗಬಹುದು. ಡ್ಯಾಶ್‌ಬೋರ್ಡಿನಲ್ಲಿ ಹೊಸ ಎಚ್ಚರಿಕೆ ದೀಪ ಉಳಿದಿದೆಯೇ ನೋಡಿ. ಕೆಳತೋಳು, ಸಬ್‌ಫ್ರೇಮ್, ಸ್ಟ್ರಟ್ ನಟ್ ಯಾವುದನ್ನು ಮುಟ್ಟಿದ್ದರೂ ಅಲೈನ್‌ಮೆಂಟ್ ಮತ್ತೆ ಅಳೆಸಿ, ಹಳೆಯ ಚೀಟಿಯೊಡನೆ ಹೋಲಿಸಿ.

ಪರೀಕ್ಷೆಯಲ್ಲಿ ನಮ್ಮ ಮನಸ್ಸೇ ದೊಡ್ಡ ಮೋಸಗಾರ. ಹಣ ಕೊಟ್ಟು, ಬೆವರು ಸುರಿಸಿ ಹಾಕಿದ ವಸ್ತು ಕೆಲಸ ಮಾಡಿದೆ ಎಂದೇ ಅದು ಹೇಳುತ್ತದೆ. ಆದ್ದರಿಂದ ಹಾಕುವ ಮೊದಲೇ ಒಂದು ದಾರಿ ಗೊತ್ತುಮಾಡಿಕೊಳ್ಳಿ: ಒಂದು ನೇರ ರಸ್ತೆ, ಒಂದು ಉದ್ದ ತಿರುವು, ಓರೆಯಾಗಿ ದಾಟಬಹುದಾದ ಒಂದು ಉಬ್ಬು. ಅದೇ ಟೈರ್ ಗಾಳಿ, ಅದೇ ಭಾರ, ನಿಯಮ ಮೀರದ ಅದೇ ವೇಗ. ಬ್ರೇಸ್ ಇಲ್ಲದೆ, ಹಾಕಿ, ಮತ್ತೆ ತೆಗೆದು ಹೀಗೆ ಮೂರು ಸಲ ಓಡಿಸಿ. ಇನ್ನೂ ಒಳ್ಳೆಯದೆಂದರೆ, ಬ್ರೇಸ್ ಇದೆಯೋ ಇಲ್ಲವೋ ಎಂದು ಹೇಳದೆ ಮನೆಯ ಇನ್ನೊಬ್ಬರಿಗೆ ಕಾರು ಕೊಟ್ಟು ಕೇಳಿ. ನನ್ನ ಕಾರಿನಲ್ಲಿ ಪ್ಲೇಟ್ ಇದ್ದದ್ದನ್ನು ನನ್ನ ಹೆಂಡತಿ ಮೂರಕ್ಕೆ ಮೂರು ಸಲವೂ ಸರಿಯಾಗಿ ಗುರುತಿಸಿದಳು. ಸ್ಟ್ರಟ್ ಬಾರ್ ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಅದನ್ನು ತೆಗೆದುಬಿಟ್ಟೆ.

ಗಮನಿಸಬೇಕಾದದ್ದು ತಿರುವಿನ ವೇಗವನ್ನಲ್ಲ. ನೇರ ರಸ್ತೆಯಲ್ಲಿ ಸ್ಟೀರಿಂಗನ್ನು ಒಂದೆರಡು ಡಿಗ್ರಿ ತಿರುಗಿಸಿದಾಗ ಕಾರು ಎಷ್ಟು ಬೇಗ ಒಪ್ಪಿಕೊಳ್ಳುತ್ತದೆ, ದೊಡ್ಡ ವಾಹನ ಪಕ್ಕದಲ್ಲಿ ಹಾದುಹೋದಾಗ ಎಷ್ಟು ತಿದ್ದಬೇಕಾಗುತ್ತದೆ, ಉಬ್ಬನ್ನು ಓರೆಯಾಗಿ ದಾಟಿದ ಮೇಲೆ ನಡುಕ ಒಮ್ಮೆಗೇ ನಿಲ್ಲುತ್ತದೆಯೋ ಎರಡು ಮೂರು ಸಲ ಮರುಕಳಿಸುತ್ತದೆಯೋ, ಇವನ್ನು ನೋಡಿ.

ಕಿವಿಯನ್ನೂ ತೆರೆದಿಡಿ. ಎಂಜಿನ್ ನಿಂತು ಬರೀ ಮೋಟಾರಿನಲ್ಲಿ ಕಾರು ತೆವಳುವ ಹೊತ್ತು ಬ್ರೇಸ್‌ನ ಸಣ್ಣ ಟಿಕ್ ಸದ್ದೂ ಕೇಳಿಸುತ್ತದೆ. ಬೇರೆ ಕಾರುಗಳಲ್ಲಿ ಎಂಜಿನ್ ಸದ್ದು ಅದನ್ನು ಮುಚ್ಚಿಬಿಡುತ್ತದೆ, ಹೈಬ್ರಿಡ್‌ನಲ್ಲಿ ಅದು ತಪ್ಪಿಸಿಕೊಳ್ಳಲಾರದು. ಸದ್ದು ಬಂದರೆ ಓಡಿಸುತ್ತಾ ಹೋಗಬೇಡಿ, ಕೆಳಗೆ ಮಲಗಿ ಬಿಳಿ ಗೆರೆಗಳನ್ನು ನೋಡಿ.

ಸದ್ದು ಬರದಿದ್ದರೂ 100 ಕಿ.ಮೀ. ಓಡಿದ ಮೇಲೆ ಒಮ್ಮೆ, 1,000 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಪ್ರತಿ ಬೋಲ್ಟ್‌ಗೂ ಟಾರ್ಕ್ ರೆಂಚ್ ಹಾಕಿ ಪರೀಕ್ಷಿಸಿ. ಪೇಂಟ್ ಪದರ ಒತ್ತಿಹೋಗಿ ಮೊದಲ ವಾರದಲ್ಲಿ ಬಿಗಿ ಸ್ವಲ್ಪ ಇಳಿಯುವುದು ಸಹಜ. ನಂತರ ಪ್ರತಿ ಸರ್ವಿಸ್‌ನಲ್ಲೂ ಗೆರೆ ನೋಡಿದರೆ ಸಾಕು. ಸರ್ವಿಸ್‌ಗೆ ಬಿಡುವಾಗ ಕೆಳಗೆ ಇಂಥ ಪ್ಲೇಟ್ ಇದೆ, ಅದರ ಬೋಲ್ಟ್‌ಗಳಿಗೆ ಇಷ್ಟು ಟಾರ್ಕ್ ಎಂದು ಒಂದು ಚೀಟಿ ಬರೆದು ಸ್ಟೀರಿಂಗ್‌ಗೆ ಅಂಟಿಸಿ ಕೊಡಿ. ಅದರ ಮೇಲೆ ಜಾಕ್ ಇಡಬಾರದು ಎಂಬುದನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ.